ಪಡುವಣ ಕಿಟಕಿ, ತೆಂಕಣ ಬಾಗಿಲು: ರಾಯಚೂರಿನ ಮನೆಯೊಂದರ ದುರಸ್ತಿ ದಾಖಲೆ

ಮನೆ ಇರುವುದು ರಾಯಚೂರು ನಗರದ ಅಂಚಿನಲ್ಲಿ. ಎರೆಮಣ್ಣಿನ ಮೇಲೆ ಕಟ್ಟಿದ ಹಳೆಯ ಇಟ್ಟಿಗೆ ಮನೆ, ಗೋಡೆಯ ದಪ್ಪ 230 ಮಿ.ಮೀ. ಕೆಲಸ ಮೂರು ಕಡೆ ಇತ್ತು: ಪಡುವಣಕ್ಕೆ ಮುಖ ಮಾಡಿದ ಮಲಗುವ ಕೋಣೆಯ ಮರದ ಕಿಟಕಿ (1200 × 1350 ಮಿ.ಮೀ.), ತೆಂಕಣದ ಮುಂಬಾಗಿಲು (1000 × 2100), ಹಿಂದಿನ ಕೋಣೆಯ ಅಲ್ಯುಮಿನಿಯಂ ಜಾರುಕಿಟಕಿ. ಮನೆಯವರ ದೂರುಗಳೂ ಮೂರು. ಮಧ್ಯಾಹ್ನ ಮೂರರ ಮೇಲೆ ಮಲಗುವ ಕೋಣೆಯಲ್ಲಿ ಕೂರಲಾಗುವುದಿಲ್ಲ. ಗುಡಿಸಿ ಒಂದು ತಾಸಾಗುವುದರೊಳಗೆ ಮತ್ತೆ ಧೂಳು ಕೂರುತ್ತದೆ. ಗಾಳಿಮಳೆ ಬಂದರೆ ಜಾರುಕಿಟಕಿಯಿಂದ ನೀರು ಒಳಗೆ ಹರಿಯುತ್ತದೆ. ಎಲ್ಲಕ್ಕೂ ಜೋಡಿ ಗಾಜಿನ ಹೊಸ ಕಿಟಕಿಯೇ ಮದ್ದು ಎಂದು ಅವರಿಗೆ ಯಾರೋ ಹೇಳಿದ್ದರು. ಹಣ ಕಟ್ಟುವ ಮೊದಲು ಲೆಕ್ಕ ಹಾಕಿ ನೋಡಬೇಕಿತ್ತು.

ಕಿಟಕಿಯ ಎರಡು ಕದಗಳಲ್ಲಿರುವ ಗಾಜು ಒಟ್ಟು 0.82 ಚದರ ಮೀಟರ್. ಏಪ್ರಿಲ್–ಮೇ ತಿಂಗಳ ಸಂಜೆ ನಾಲ್ಕಕ್ಕೆ ಪಡುವಣ ಗೋಡೆಯ ಪ್ರತಿ ಚದರ ಮೀಟರಿಗೆ 600 ವ್ಯಾಟ್‌ಗೂ ಹೆಚ್ಚು ಬಿಸಿಲು ಬೀಳುತ್ತದೆ. ಸಾದಾ ಗಾಜು ಅದರಲ್ಲಿ ಶೇ. 80ರಷ್ಟನ್ನು ಒಳಗೆ ಬಿಡುತ್ತದೆ. ಅಂದರೆ ಸುಮಾರು 390 ವ್ಯಾಟ್. ಇನ್ನು ಹೊರಗೆ 42 ಡಿಗ್ರಿ, ಒಳಗೆ 30 ಡಿಗ್ರಿ ಇದ್ದಾಗ ಬರಿಯ ಗಾಳಿಯ ಬಿಸಿ ಗಾಜನ್ನು ದಾಟಿ ಬರುವುದು 56 ವ್ಯಾಟ್ ಅಷ್ಟೇ. ಸಾದಾ ಜೋಡಿ ಗಾಜು ಈ 56ನ್ನು ಅರ್ಧಕ್ಕೆ ಇಳಿಸುತ್ತದೆ, ಆದರೆ 390ರ ತಂಟೆಗೆ ಹೆಚ್ಚು ಹೋಗುವುದಿಲ್ಲ, ಅದು 340ರ ಹತ್ತಿರವೇ ಉಳಿಯುತ್ತದೆ. ಅಷ್ಟು ದುಡ್ಡು ಸುರಿದರೂ ಒಟ್ಟು ಬಿಸಿಯಲ್ಲಿ ಕಡಿಮೆಯಾಗುವುದು ಆರರಲ್ಲೊಂದು ಪಾಲು. ಬಿಸಿಲು ಗಾಜಿಗೆ ತಾಗುವ ಮೊದಲೇ ಹೊರಗೆ ತಡೆದರೆ ಒಳಬರುವ ಬಿಸಿಲು ಸುಮಾರು ನಾಲ್ಕರಲ್ಲೊಂದು ಭಾಗಕ್ಕೆ ಇಳಿಯುತ್ತದೆ. ಹಾಗಾಗಿ ನಮ್ಮ ಸೀಮೆಯಲ್ಲಿ ಕೆಲಸದ ಸರದಿ ಹೀಗಿರಬೇಕು: ಮೊದಲು ಹೊರಗಿನ ನೆರಳು, ಆಮೇಲೆ ಸಂದು ಮುಚ್ಚುವುದು, ಅದಾದ ಮೇಲೂ ಸಾಲದಿದ್ದರೆ ಗಾಜು. ಒಳಗಿನ ದಪ್ಪ ಪರದೆ ಕಣ್ಣಿಗೆ ತಂಪು, ಆದರೆ ಬಿಸಿಲು ಆಗಲೇ ಗಾಜು ದಾಟಿ ಬಂದಿರುತ್ತದೆ. ಪರದೆಯೇ ಕಾದು ಕೋಣೆಗೆ ಬಿಸಿ ಬಿಡುತ್ತದೆ.

ಕಿಟಕಿಯ ಮೇಲೆ ಹೊರಕ್ಕೆ ಚಾಚಿದ ಛಜ್ಜಾ ಇದೆಯಲ್ಲ ಎಂದು ಕೇಳಬಹುದು. ಈ ಕಿಟಕಿಗೆ 600 ಮಿ.ಮೀ. ಛಜ್ಜಾ ಇತ್ತು. ಮೇ ಮೊದಲ ವಾರ ಸಂಜೆ ನಾಲ್ಕಕ್ಕೆ ರಾಯಚೂರಿನಲ್ಲಿ ಸೂರ್ಯನ ಎತ್ತರ ಸುಮಾರು 36 ಡಿಗ್ರಿ. ಆಗ ಛಜ್ಜಾದ ನೆರಳು ಕಿಟಕಿಯ ಮೇಲಂಚಿನಿಂದ 445 ಮಿ.ಮೀ. ಕೆಳಗೆ ಬರುತ್ತದೆ. ಐದು ಗಂಟೆಗೆ ಸೂರ್ಯ 22 ಡಿಗ್ರಿಗೆ ಇಳಿದಾಗ ನೆರಳು ಬರೀ 250. ಉಳಿದ 1100 ಮಿ.ಮೀ. ಗಾಜು, ಮರ ಎಲ್ಲ ಬಿಸಿಲಲ್ಲಿ ಬೇಯುತ್ತವೆ. ತೆಂಕಣ, ಬಡಗಣದ ಕಿಟಕಿಗಳ ಮಾತು ಬೇರೆ. ಮೇ ಮೊದಲ ವಾರದಿಂದ ಆಗಸ್ಟ್ ಮೊದಲ ವಾರದವರೆಗೆ ಇಲ್ಲಿ ನಡುಮಧ್ಯಾಹ್ನದ ಸೂರ್ಯ ತಲೆಯ ಮೇಲಿಂದ ಬಡಗಣಕ್ಕೆ ವಾಲಿರುತ್ತಾನೆ, ಆದರೆ ಬಹಳ ಎತ್ತರದಲ್ಲಿರುವುದರಿಂದ ಆ ಹೊತ್ತಿಗೆ ಗೇಣುದ್ದದ ಛಜ್ಜಾವೂ ಸಾಕು.

ಹೊರಗಿನ ಪಟ್ಟಿಚೌಕಟ್ಟು

ನೆರಳಿಗೆ ಆರಿಸಿದ್ದು ಪಟ್ಟಿಚೌಕಟ್ಟು, ಅಂದರೆ ಓರೆಯಾಗಿ ಮರದ ಪಟ್ಟಿ ಜೋಡಿಸಿದ ಕಬ್ಬಿಣದ ಚೌಕಟ್ಟು. ಮೊದಲ ಯೋಚನೆ ಅದನ್ನು ಗೋಡೆಗೆ ಹತ್ತಿಸಿ ಹಾಕುವುದಿತ್ತು. ಆಗದು. ಸರಳು ಒಳಗಿರುವ ನಮ್ಮ ಮರದ ಕಿಟಕಿಗಳ ಕದ ತೆರೆಯುವುದು ಹೊರಕ್ಕೆ, ಚೌಕಟ್ಟು ಅಡ್ಡ ಬರುತ್ತದೆ. ಕದದ ಅಗಲ 535 ಮಿ.ಮೀ. ಆದ್ದರಿಂದ ಚೌಕಟ್ಟನ್ನು ಗೋಡೆಯಿಂದ 600 ಮಿ.ಮೀ. ಆಚೆ, ಛಜ್ಜಾದ ಹೊರ ಅಂಚಿನ ನೇರಕ್ಕೆ ಇಳಿಬಿಡಲಾಯಿತು. ಕದ ತಿರುಗಲು 65 ಮಿ.ಮೀ. ಬಿಡುವು ಉಳಿಯಿತು. ಈ ದೂರದಿಂದ ಇನ್ನೊಂದು ಲಾಭವಿದೆ. ಓರೆ ಬಿಸಿಲು ಕಿಟಕಿಯ ಬುಡಕ್ಕೆ ಬೀಳಬೇಕಾದರೆ ಚೌಕಟ್ಟಿನ ನೇರದಲ್ಲಿ ಅದಕ್ಕಿಂತ ಮೇಲೆ ಹಾದು ಬರಲೇಬೇಕು. ಹೀಗಾಗಿ ಚೌಕಟ್ಟು ಕಿಟಕಿಯ ಬುಡದವರೆಗೆ ಇಳಿಯಬೇಕಿಲ್ಲ. 100 ಮಿ.ಮೀ. ಮೇಲೆಯೇ ನಿಲ್ಲಿಸಿದರೂ ಸೂರ್ಯ ಸುಮಾರು 9 ಡಿಗ್ರಿಗೆ ಇಳಿಯುವ ತನಕ ಗಾಜಿಗೆ ಬಿಸಿಲು ತಾಗದು. ಕೆಳಗಿನ ಆ ಬಿಡುವಿನಿಂದ ಗಾಳಿ ಆಡುತ್ತದೆ, ಕೂತವರಿಗೆ ಅಂಗಳವೂ ಕಾಣುತ್ತದೆ.

ಅಗಲದ ಲೆಕ್ಕ ತಪ್ಪಬಾರದು. ಜೂನ್ ಸಂಜೆಯಲ್ಲಿ ಸೂರ್ಯ ನೇರ ಪಡುವಣದಿಂದ 19 ಡಿಗ್ರಿಯಷ್ಟು ಬಡಗಣಕ್ಕೆ ಸರಿದಿರುತ್ತಾನೆ. 600 ಮಿ.ಮೀ. ದೂರಕ್ಕೆ ಅದು 200 ಮಿ.ಮೀ. ಓರೆ. ಮಾರ್ಚ್ ಕೊನೆಯಲ್ಲಿ 12 ಡಿಗ್ರಿ ತೆಂಕಣಕ್ಕೆ, ಅಂದರೆ 127 ಮಿ.ಮೀ. ಹಾಗಾಗಿ ಬಡಗಣದ ಬದಿ 250, ತೆಂಕಣದ ಬದಿ 150 ಹೆಚ್ಚಿಗೆ ಬಿಡಲಾಯಿತು. ಒಟ್ಟು ಅಳತೆ 1600 × 1250.

ಬೇಕಾದ ಸಾಮಾನು: 25 × 25 ಮಿ.ಮೀ., 1.2 ಮಿ.ಮೀ. ದಪ್ಪದ, ಸತು ಲೇಪಿಸಿದ ಕಬ್ಬಿಣದ (ಜಿ.ಐ.) ಚೌಕ ಪೈಪ್ ಚೌಕಟ್ಟಿಗೆ 7 ಮೀಟರ್ (ನಡುವಿನ ಊರೆ, ಅಂದರೆ ಆಧಾರದ ಪೈಪೂ ಸೇರಿ), ಗೋಡೆಯ ಎರಡು ತ್ರಿಕೋನ ಬ್ರಾಕೆಟ್‌ಗಳಿಗೆ ಬೇರೆ 4 ಮೀಟರ್. 75 × 12 ಮಿ.ಮೀ. ಬೇವಿನ ಪಟ್ಟಿ, 1550 ಉದ್ದದವು 20. ಪಟ್ಟಿ ಹಿಡಿಯಲು 25 × 3 ಚಪ್ಪಟೆ ಕಬ್ಬಿಣದ ತುಂಡುಗಳು 60. 100 ಮಿ.ಮೀ. ತಿರುಗಣಿ (ಕೀಲು) 3, ಕೆಳಗಿನಿಂದ ಗೋಡೆಗೆ ಕಟ್ಟಲು 8 ಮಿ.ಮೀ. ಸರಳಿನ ಕೊಕ್ಕೆ 2, 10 × 100 ಆ್ಯಂಕರ್ ಬೋಲ್ಟ್ 8. ಒಟ್ಟು ಇಳಿಬೀಳುವ ಭಾರ ಸುಮಾರು 26 ಕೆ.ಜಿ.

ಪಟ್ಟಿಗಳನ್ನು ಹೊರಕ್ಕೆ 45 ಡಿಗ್ರಿ ಬಗ್ಗಿಸಿ, ಒಂದರಿಂದೊಂದಕ್ಕೆ 60 ಮಿ.ಮೀ. ಅಂತರದಲ್ಲಿ ಕೂರಿಸಬೇಕು. 75ರ ಪಟ್ಟಿಗೆ ಈ ಅಂತರವಿದ್ದರೆ ಸೂರ್ಯ 8 ಡಿಗ್ರಿಗೆ ಇಳಿಯುವವರೆಗೂ ಒಂದು ಗೆರೆ ಬಿಸಿಲೂ ನುಸುಳದು. ಪಟ್ಟಿ ಉಳಿಸಲೆಂದು ಅಂತರವನ್ನು 75ಕ್ಕೆ ಏರಿಸಿದರೆ ಸೂರ್ಯ 22 ಡಿಗ್ರಿಗೆ ಬಂದಾಗಲೇ, ಅಂದರೆ ಐದು ಗಂಟೆಗೇ ಬಿಸಿಲು ಒಳಬರಲು ಶುರು. ನಾಲ್ಕು ಪಟ್ಟಿ ಉಳಿಸಲು ಹೋಗಿ ಸುಡುವ ಒಂದು ತಾಸನ್ನು ಕೋಣೆಗೆ ಬಿಟ್ಟಂತೆ. ಈ ಅಂತರದಲ್ಲಿ ರಾಜಿ ಬೇಡ.

ಭಾರವನ್ನು ಛಜ್ಜಾಕ್ಕೆ ನೇತುಹಾಕಬಾರದು. ಹಳೆಯ ಮನೆಗಳಲ್ಲಿ ಛಜ್ಜಾ ಎಂದರೆ ಎಷ್ಟೋ ಕಡೆ ಬರೀ ಶಹಾಬಾದ್ ಕಲ್ಲಿನ ಚಪ್ಪಡಿ. ಅದಕ್ಕೆ ಡ್ರಿಲ್ ಇಟ್ಟರೆ ಪದರು ಬಿಟ್ಟು ಸೀಳುತ್ತದೆ. ಬ್ರಾಕೆಟ್ ಗೋಡೆಯ ಮೇಲೆಯೇ ಇರಲಿ, ಆ್ಯಂಕರ್ ಇಟ್ಟಿಗೆಯ ನಡುವಿಗೆ ಬರಲಿ, ಗಾರೆಯ ಸಂದಿಗೆ ಬೇಡ. ಕೆಳಗಿನ ಕೊಕ್ಕೆಗಳನ್ನು ಮರೆತರೆ ಜೂನ್ ಗಾಳಿಗೆ ಇಡೀ ಚೌಕಟ್ಟು ಬಾಗಿಲಂತೆ ಬಡಿದುಕೊಂಡು ತಿರುಗಣಿಯ ವೆಲ್ಡಿಂಗ್ ಬಿಡುತ್ತದೆ. ವೆಲ್ಡಿಂಗ್ ಮಾಡಿದ ಕಡೆ ಸತು ಸುಟ್ಟುಹೋಗಿರುವುದರಿಂದ ತುಕ್ಕು ಹಿಡಿಯುವುದೂ ಅಲ್ಲಿಂದಲೇ. 60 ತುಂಡುಗಳ ಪ್ರತಿ ಬೆಸುಗೆಯನ್ನೂ ಬ್ರಷ್‌ನಿಂದ ಉಜ್ಜಿ, ಸತುವಿನ ಪ್ರೈಮರ್ ಬಳಿದ ಮೇಲೆಯೇ ಬಣ್ಣ. ಬೇವಿನ ಪಟ್ಟಿಗಳ ಕೊಯ್ದ ತುದಿಗಳಿಗೆ ಎರಡು ಕೈ ಹೆಚ್ಚು ಬಳಿಯಬೇಕು, ನೀರು ಹೀರುವುದು ತುದಿಗಳಿಂದ. ಬಣ್ಣ ಬಿಳಿ ಅಥವಾ ಕೆನೆ. ಕಪ್ಪು ಬಣ್ಣದ ಪಟ್ಟಿ ತಾನೇ ಕಾದು ಗಾಜಿಗೆ ಬಿಸಿ ಸೂಸುತ್ತದೆ.

ಕದಗಳ ಗಾಜು ಮತ್ತು ಸಂದು

ಹಳೆಯ ಪುಟ್ಟಿ ಬೆರಳಿಟ್ಟರೆ ಉದುರುತ್ತಿತ್ತು. ಮರಕ್ಕೆ ಪ್ರೈಮರ್ ಹಚ್ಚದೆ ಪುಟ್ಟಿ ಮೆತ್ತಿದರೆ ಒಣಮರ ಅದರ ಅಗಸೆ ಎಣ್ಣೆಯನ್ನೆಲ್ಲ ಹೀರಿಬಿಡುತ್ತದೆ, ಉಳಿಯುವುದು ಸೀಮೆಸುಣ್ಣದ ಪುಡಿ. ಗಾಡಿಯನ್ನು, ಅಂದರೆ ಗಾಜು ಕೂರುವ ಮರದ ತೋಡನ್ನು, ಉಳಿಯಿಂದ ಕೆರೆದು, ಪ್ರೈಮರ್ ಒಣಗಿಸಿ, 5 ಮಿ.ಮೀ. ಸಾದಾ ಗಾಜು ಕೂರಿಸಲಾಯಿತು. ಗಾಜನ್ನು ಗಾಡಿಯ ಅಳತೆಗಿಂತ ಉದ್ದಗಲ ಎರಡರಲ್ಲೂ 3 ಮಿ.ಮೀ. ಕಡಿಮೆ ಕೊಯ್ಯಿಸಬೇಕು. ಬುಡದಲ್ಲಿ ಅಗಲದ ಕಾಲು ಮತ್ತು ಮುಕ್ಕಾಲು ಅಳತೆಗೆ ಎರಡು ರಬ್ಬರ್ ತುಂಡು ಇಟ್ಟು ಅದರ ಮೇಲೆ ಗಾಜು ನಿಲ್ಲಿಸಬೇಕು. ಗಾಜು ಮರಕ್ಕೆ ನೇರ ತಾಗಿದರೆ ಮಳೆಗಾಲದಲ್ಲಿ ಮರ ಉಬ್ಬಿದಾಗ ಮೂಲೆಯಿಂದ ಸೀಳು ಬರುತ್ತದೆ. ನೆರಳು ಹೊರಗೇ ಆಗಿರುವುದರಿಂದ ಇಲ್ಲಿ ದುಬಾರಿ ಗಾಜಿನ ಅಗತ್ಯ ಬೀಳಲಿಲ್ಲ.

ಸಂದು ಎಷ್ಟಿದೆ ಎಂದು ಕಣ್ಣಳತೆಯಲ್ಲಿ ಹೇಳಲಾಗದು. ಚಪಾತಿ ಹಿಟ್ಟನ್ನು ಹುಣಸೆಬೀಜದ ಗಾತ್ರದ ಉಂಡೆ ಮಾಡಿ, ತೆಳು ಪ್ಲಾಸ್ಟಿಕ್‌ನಲ್ಲಿ ಸುತ್ತಿ, ಚೌಕಟ್ಟಿನ ಗಾಡಿಗೆ ಅಂಟಿಸಿ ಕದ ಮುಚ್ಚಿ ತೆರೆದರೆ ಹಿಟ್ಟು ಎಷ್ಟು ದಪ್ಪಕ್ಕೆ ಚಪ್ಪಟೆಯಾಗಿದೆಯೋ ಅಷ್ಟೇ ಸಂದು. ಒಂದೊಂದು ಕದಕ್ಕೆ ಆರು ಕಡೆ ನೋಡಬೇಕು. ಇಲ್ಲಿ ತಿರುಗಣಿಯ ಬದಿ 3, ಚಿಲಕದ ಬದಿ 4ರಿಂದ 5 ಮಿ.ಮೀ. ಬಂತು. ಇದಕ್ಕೆ 9 ಮಿ.ಮೀ. ಅಗಲ, 6 ಮಿ.ಮೀ. ಎತ್ತರದ, ಅರ್ಧಚಂದ್ರಾಕಾರದ, ಬಿಸಿಲು ತಾಳುವ ಇ.ಪಿ.ಡಿ.ಎಂ. ಎಂಬ ರಬ್ಬರಿನ ಪಟ್ಟಿ ಸರಿ. ಸುತ್ತಳತೆ 5.1 ಮೀಟರ್, ಎರಡು ಕದ ಸೇರುವಲ್ಲಿ 1.35, ಒಟ್ಟು 7 ಮೀಟರ್ ತಂದರೆ ಸಾಕು. ಅಂಗಡಿಯಲ್ಲಿ ಮೊದಲು ಕೈಗೆ ಕೊಡುವುದು ಅಗ್ಗದ ಸ್ಪಂಜಿನ ಪಟ್ಟಿ. ಇಲ್ಲಿನ ಬೇಸಿಗೆಗೆ ಅದು ಬೇಗ ಪುಡಿಯಾಗಿ, ಅಂಟು ಮಾತ್ರ ಮರಕ್ಕೆ ಉಳಿದು ಧೂಳು ಹಿಡಿಯುತ್ತದೆ.

ಪಟ್ಟಿ ಕಿತ್ತುಬರಲು ಕಾರಣ ಬಹುಪಾಲು ಧೂಳೇ. ಕಣ್ಣಿಗೆ ಕಾಣದಷ್ಟು ಸಣ್ಣ ಧೂಳಿನ ಮೇಲೆ ಅಂಟು ಕೂತರೆ ಅದು ಅಂಟಿರುವುದು ಧೂಳಿಗೆ, ಮರಕ್ಕಲ್ಲ. ಮೊದಲು ಒದ್ದೆ ಬಟ್ಟೆ, ಆಮೇಲೆ ಸ್ಪಿರಿಟ್‌ನಲ್ಲಿ ಅದ್ದಿದ ಬಟ್ಟೆ, ಪೂರ್ತಿ ಒಣಗಿದ ಮೇಲೆ ಪಟ್ಟಿ. ಬೆಳಗಿನ ತಂಪಿನಲ್ಲಿ ಹಚ್ಚಬೇಕು. ಅಂಟಿಸುವಾಗ ಪಟ್ಟಿಯನ್ನು ಎಳೆಯಬಾರದು. ಎಳೆದು ಹಚ್ಚಿದ್ದು ಕೆಲವು ದಿನದಲ್ಲಿ ಕುಗ್ಗಿ ಮೂಲೆಗಳಲ್ಲಿ ಬಾಯಿ ಬಿಡುತ್ತದೆ. ಇಲ್ಲಿ ಪಟ್ಟಿ ಹಾಕಿದ ಮೇಲೆ ಚಿಲಕ ಬೀಳಲಿಲ್ಲ, ರಬ್ಬರ್ ಕದವನ್ನು ಹಿಂದಕ್ಕೆ ತಳ್ಳುತ್ತಿತ್ತು. ಒತ್ತಿ ಹಾಕಿಕೊಳ್ಳಿ ಎಂದು ಬಿಡುವುದು ತಪ್ಪು, ತಿರುಗಣಿ ಸಡಿಲವಾಗುತ್ತದೆ. ಚಿಲಕದ ಕೊಂಡಿಯನ್ನು 2 ಮಿ.ಮೀ. ಹೊರಕ್ಕೆ ಸರಿಸಿ ಹೊಸ ತೂತು ಹೊಡೆದಾಗ ಸರಿಹೋಯಿತು. ಪರೀಕ್ಷೆಗೆ ಕಾಗದದ ಚೂರನ್ನು ಸಂದಿಯಲ್ಲಿಟ್ಟು ಮುಚ್ಚಿ ಎಳೆಯಬೇಕು: ಬಿಗಿಯಾಗಿ ಬಂದರೆ ಸರಿ, ಜಾರಿ ಬಂದರೆ ಅಲ್ಲಿ ಇನ್ನೂ ಬಾಯಿದೆ.

ಅಡುಗೆಮನೆಯ ಕಿಟಕಿಗೆ ಹೀಗೆ ಪೂರ್ತಿ ಬಿಗಿ ಮಾಡಬಾರದು. ಗ್ಯಾಸ್ ಒಲೆಗೂ, ಉರಿಸುವವರಿಗೂ ಗಾಳಿ ಬೇಕು.

ಮುಂಬಾಗಿಲು

ಕದ ನೆಲಕ್ಕೆ ಉಜ್ಜುತ್ತಿತ್ತು, ಚಿಲಕದ ಬದಿಯ ಮೇಲ್ಮೂಲೆ ಚೌಕಟ್ಟಿಗೆ ತಾಗುತ್ತಿತ್ತು, ಅದೇ ಕದದ ತಿರುಗಣಿಯ ಬದಿಯ ಬುಡದಲ್ಲಿ 12 ಮಿ.ಮೀ. ಬಾಯಿ. ಬಡಗಿ ಬಂದವರು ಮೊದಲು ಕೈ ಹಾಕುವುದು ಮರ ಕೀಸುವ ಉಜ್ಜುಗೊರಡಿಗೆ. ತಡೆಯಬೇಕು. ಮೊದಲು ಚೌಕಟ್ಟಿನ ಮೂಲೆಯಿಂದ ಮೂಲೆಗೆ ಎರಡೂ ಕರ್ಣ ಅಳೆಯಬೇಕು. ಇಲ್ಲಿ ವ್ಯತ್ಯಾಸ 9 ಮಿ.ಮೀ. ಬಂತು. ಎಂದರೆ ಕದಕ್ಕಿಂತ ಚೌಕಟ್ಟೇ ಓರೆಯಾಗಿದೆ. ಎರೆಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಟ್ಟು ಕುಗ್ಗುತ್ತದೆ. ಅಡಿಪಾಯ ಅದರ ಜೊತೆ ಏರಿಳಿದು ಬಾಗಿಲು ಕಿಟಕಿಗಳ ಮೂಲೆಯಿಂದ ಓರೆ ಬಿರುಕು ಏಳುತ್ತದೆ. ಸಿಂಧನೂರು, ಸಿರುಗುಪ್ಪ, ಗಂಗಾವತಿ ಕಡೆಯ ಎರೆಭೂಮಿಯ ಮನೆಗಳಲ್ಲೂ ಇದನ್ನೇ ಕಾಣಬಹುದು. ಆಗಸ್ಟಿನಲ್ಲಿ ತಾಗುತ್ತದೆಂದು ಕದ ಕೆತ್ತಿದರೆ ಏಪ್ರಿಲ್‌ಗೆ ಅಲ್ಲಿ ಬೆರಳು ತೂರುವಷ್ಟು ಸಂದು, ಧೂಳಿಗೆ ಹೆದ್ದಾರಿ. ಕೆತ್ತಿದ ಮರ ಮರಳಿ ಬರುವುದಿಲ್ಲ.

ಮೇಲಿನ ತಿರುಗಣಿಯ ತಿರುಪುಗಳು ತಿರುಗುತ್ತಿದ್ದವೇ ಹೊರತು ಹಿಡಿಯುತ್ತಿರಲಿಲ್ಲ. ತೂತುಗಳನ್ನು 10 ಮಿ.ಮೀ.ಗೆ ಹಿಗ್ಗಿಸಿ, ತೇಗದ ಗೂಟಕ್ಕೆ ಫೆವಿಕಾಲ್ ಹಚ್ಚಿ ಬಡಿದು, ಮರುದಿನ 50 ಮಿ.ಮೀ. ತಿರುಪು ಹಾಕಲಾಯಿತು. ಬೆಂಕಿಕಡ್ಡಿ ತುರುಕುವ ಉಪಾಯ ಭಾರದ ಬಾಗಿಲಿಗೆ ಆರು ತಿಂಗಳೂ ನಿಲ್ಲದು. ಆಮೇಲೆ ಕೆಳಗಿನ ತಿರುಗಣಿಯ ಹಿಂದೆ 3 ಮಿ.ಮೀ. ದಪ್ಪದ ಪ್ಯಾಕಿಂಗ್ ತುಂಡು. 900 ಅಗಲದ ಕದದಲ್ಲಿ ತಿರುಗಣಿಗಳ ಅಂತರ 1.7 ಮೀಟರ್ ಇದ್ದರೆ ಪ್ರತಿ 1 ಮಿ.ಮೀ. ಪ್ಯಾಕಿಂಗ್‌ಗೆ ಚಿಲಕದ ಬದಿ ಅರ್ಧ ಮಿ.ಮೀ. ಮೇಲೇಳುತ್ತದೆ. ಉಜ್ಜುತ್ತಿದ್ದ ಬುಡವೂ, ತಾಗುತ್ತಿದ್ದ ಮೂಲೆಯೂ ಉಜ್ಜುಗೊರಡಿಲ್ಲದೆ ಬಿಟ್ಟುಕೊಂಡವು.

ಹೊಸಿಲಿನ ಕಥೆ ಬೇರೆ. ಮರದ ಹೊಸಿಲು ನಡುವೆ ಗಟ್ಟಿಯಾಗಿತ್ತು. ಎರಡೂ ತುದಿಯಲ್ಲಿ, ಚೌಕಟ್ಟಿನ ಕಾಲು ಬಂದು ಕೂರುವ ಕಡೆ, ಸ್ಕ್ರೂಡ್ರೈವರ್ ಒತ್ತಿದರೆ ಹಿಡಿಯವರೆಗೆ ಇಳಿಯಿತು. ಒಳಗೆ ಗೆದ್ದಲಿನ ಮಣ್ಣಿನ ನಾಳ, ಅದರ ಮೇಲೆ ಅರಿಶಿಣದ ಪದರು. ದಿನವೂ ಹೊಸಿಲು ತೊಳೆದು ಅರಿಶಿಣ ಕುಂಕುಮ ಇಡುವ ಮನೆ. ತೊಳೆದ ನೀರು ಹರಿದು ಮೂಲೆಗೆ ಹೋಗಿ ಮರದ ಕೊಯ್ದ ತುದಿಯಲ್ಲಿ ಇಂಗುತ್ತಿತ್ತು, ಆ ತೇವಕ್ಕೆ ಗೆದ್ದಲು ಬಂದಿತ್ತು. ಪೂಜೆ ನಿಲ್ಲಿಸಬೇಕಿಲ್ಲ, ನೀರಿಗೆ ದಾರಿ ಮಾಡಿಕೊಡಬೇಕು. ಚೌಕಟ್ಟಿನ ಎರಡೂ ಕಾಲುಗಳನ್ನು ಕೆಳಗಿನಿಂದ 150 ಮಿ.ಮೀ. ಕೊಯ್ದು, ಗಟ್ಟಿಮರದ ತುಂಡನ್ನು ಓರೆ ಜೋಡಣೆಯಲ್ಲಿ ಸೇರಿಸಿ, ಮರದ ಹೊಸಿಲಿನ ಜಾಗಕ್ಕೆ 75 ಮಿ.ಮೀ. ಎತ್ತರದ ಗ್ರಾನೈಟ್ ಹೊಸಿಲು ಕೂರಿಸಲಾಯಿತು. ಹೊರಕ್ಕೆ 10 ಮಿ.ಮೀ. ಇಳಿಜಾರು. ಮರದ ಕಾಲಿಗೂ ಕಲ್ಲಿಗೂ ನಡುವೆ 3 ಮಿ.ಮೀ. ಬಿಟ್ಟು ಸಿಲಿಕೋನ್. ಅಲ್ಲಿ ಸಿಮೆಂಟ್ ತುಂಬಿದರೆ ಅದೇ ಬತ್ತಿಯಂತೆ ನೀರೆಳೆದು ಮರಕ್ಕೆ ಕುಡಿಸುತ್ತದೆ. ಸಿಲಿಕೋನ್ ಕೊಳ್ಳುವಾಗ ನ್ಯೂಟ್ರಲ್ ಎಂದು ಬರೆದದ್ದೇ ಬೇಕು. ವಿನಿಗರ್ ವಾಸನೆಯದು ಕಲ್ಲಿಗೂ ಸಿಮೆಂಟಿಗೂ ಹಿಡಿಯದು, ತಿರುಗಣಿ ಚಿಲಕಗಳಿಗೆ ತುಕ್ಕು ತರುತ್ತದೆ.

ಕದದ ಬುಡಕ್ಕೆ ನೈಲಾನ್ ಕೂದಲಿನ ಬ್ರಷ್ ಪಟ್ಟಿ. ಹೊಸಿಲಿಗೆ 2–3 ಮಿ.ಮೀ. ಬಾಗಿ ತಾಗುವಷ್ಟು ಉದ್ದವಿರಬೇಕು. ಅದಕ್ಕಿಂತ ಹೆಚ್ಚಾದರೆ ಕೂದಲು ಒಂದೇ ಕಡೆ ಮಲಗಿಬಿಡುತ್ತದೆ. ರಬ್ಬರ್ ನಾಲಿಗೆ ಹೊಸದರಲ್ಲಿ ಚೆನ್ನಾಗಿ ಮುಚ್ಚುತ್ತದೆ, ಆದರೆ ಒರಟು ಕಲ್ಲಿನ ಮೇಲೆ ಧೂಳಿನ ಸಂಗಡ ಉಜ್ಜಿ ಹರಿಯುತ್ತದೆ. ಮೇಲೆ ಮತ್ತು ಎರಡೂ ಪಕ್ಕಕ್ಕೆ ಕಿಟಕಿಗೆ ಹಾಕಿದ ರಬ್ಬರೇ, 5.5 ಮೀಟರ್. ಇಷ್ಟು ಉದ್ದದ ಸುತ್ತಿನಲ್ಲಿ 3 ಮಿ.ಮೀ. ಸಂದು ಉಳಿದರೂ ಒಟ್ಟು ಸೇರಿಸಿದರೆ ಗೋಡೆಯಲ್ಲಿ ಅಂಗೈಗಿಂತ ದೊಡ್ಡ ತೂತು ಕೊರೆದಷ್ಟೇ ಗಾಳಿ, ಧೂಳು ಬರುತ್ತದೆ.

ಚೌಕಟ್ಟಿಗೂ ಗೋಡೆಗೂ ನಡುವಿನ ಬಿರುಕು 8 ಮಿ.ಮೀ. ಇತ್ತು. ಮೂರು ಸಲ ಸಿಮೆಂಟ್ ಮೆತ್ತಿದ ಗುರುತಿತ್ತು, ಮೂರೂ ಸಲ ಬಿಟ್ಟಿತ್ತು. ಸಡಿಲ ಗಾರೆ ಕೆರೆದು, 10 ಮಿ.ಮೀ. ಫೋಮ್ ಹಗ್ಗ ತುರುಕಿ, ಅದರ ಮೇಲೆ 4 ಮಿ.ಮೀ. ಆಳದಷ್ಟು ಮಾತ್ರ ಸಿಲಿಕೋನ್. ಹಗ್ಗವಿಲ್ಲದೆ ಆಳಕ್ಕೆ ತುಂಬಿದರೆ ಅದು ಮೂರೂ ಬದಿಗೆ ಅಂಟಿಕೊಂಡು, ಎರೆಮಣ್ಣು ಎಳೆದಾಗ ಹಿಗ್ಗಲಾರದೆ ಹರಿಯುತ್ತದೆ.

ಜಾರುಕಿಟಕಿ

ಮಳೆನೀರು ಒಳಬರಲು ಗಾಜಾಗಲಿ ರಬ್ಬರಾಗಲಿ ಕಾರಣವಾಗಿರಲಿಲ್ಲ. ಕೆಳಗಿನ ಹಳಿಯಲ್ಲಿ ಧೂಳು ಮಳೆಗೆ ಕೆಸರಾಗಿ, ಒಣಗಿ, ಇಟ್ಟಿಗೆಯಂತೆ ಗಟ್ಟಿಯಾಗಿ ನೀರಿಳಿಯುವ ಕಂಡಿಗಳನ್ನು ಮುಚ್ಚಿತ್ತು. ತೆಳ್ಳನೆ ಬಿದಿರು ಕಡ್ಡಿಯಿಂದ ಕೆದಕಿ, ನೀರು ಸುರಿದು, ಹೊರಗಿನಿಂದ ಇಳಿಯುವುದನ್ನು ನೋಡಬೇಕು. ಒಂದು ಕಂಡಿ ಕೊರೆದೇ ಇರಲಿಲ್ಲ. ಹಳಿಯ ಹೊರಗೋಡೆಯ ಬುಡದಲ್ಲಿ ಮೂಲೆಯಿಂದ 60 ಮಿ.ಮೀ. ಬಿಟ್ಟು 8 ಮಿ.ಮೀ. ತೂತು ಹೊಡೆಯಲಾಯಿತು. ಸವೆದ ಉಣ್ಣೆಪಟ್ಟಿ ಬದಲಿಸುವಾಗ ಹಳೆಯದರ ತುಂಡನ್ನೇ ಅಂಗಡಿಗೆ ಒಯ್ಯುವುದು ಲೇಸು, ಬುಡದ ಅಗಲ ಅರ್ಧ ಮಿ.ಮೀ. ತಪ್ಪಿದರೂ ಗಾಡಿಗೆ ಹೋಗದು. ಹಳಿಗೆ ಎಣ್ಣೆ ಹಾಕಬೇಡಿ, ಧೂಳು ಕೂಡಿ ಅರೆಯುವ ಕಲ್ಕವಾಗುತ್ತದೆ. ಸಿಲಿಕೋನ್ ಸ್ಪ್ರೇ ಸಾಕು, ತಿರುಗಣಿಗಳಿಗೆ ಪೆನ್ಸಿಲ್ ಸೀಸದ ಪುಡಿ.

ಹೊಸದಾಗಿ ಕೊಳ್ಳುವವರಿಗೆ

ಕೊಳ್ಳುವುದಾದರೆ ಜಾರುಕಿಟಕಿಗಿಂತ ಕದದ ಕಿಟಕಿಯೇ ಮೇಲು. ಬಿಸಿ ಒಣಹವೆಯ ಪ್ರದೇಶಕ್ಕೆ ಕೇಂದ್ರದ ಇಂಧನ ದಕ್ಷತೆ ಬ್ಯೂರೋದ 2018ರ ಇಕೋ ನಿವಾಸ್ ಸಂಹಿತೆ (ಮನೆಗಳ ಇಂಧನ ಉಳಿತಾಯದ ನಿಯಮಾವಳಿ) ಹೇಳಿದ್ದು ನೆಲದ ವಿಸ್ತೀರ್ಣದ ಕನಿಷ್ಠ ಶೇ. 10ರಷ್ಟು ತೆರೆಯುವ ಕಿಟಕಿ ಇರಬೇಕೆಂದು. ಈ ಕೋಣೆ 3 × 3.6 ಮೀಟರ್, ಬೇಕಾದದ್ದು 1.08 ಚದರ ಮೀಟರ್. ಕದದ ಕಿಟಕಿ 1.3 ತೆರೆಯುತ್ತದೆ. ಅದೇ ಅಳತೆಯ ಜಾರುಕಿಟಕಿ ತೆರೆಯುವುದು ಅರ್ಧ, 0.65. ಹಗಲೆಲ್ಲ ಮುಚ್ಚಿ, ರಾತ್ರಿ ಒಂಬತ್ತರ ಮೇಲೆ ತೆರೆದು ಗೋಡೆಯ ಬಿಸಿ ಕಳೆಯುವ ನಮ್ಮ ಪದ್ಧತಿಗೆ ಈ ಅರ್ಧ ಸಾಲದು.

ಯುಪಿವಿಸಿ ಎಂಬ ಗಟ್ಟಿ ಪ್ಲಾಸ್ಟಿಕ್‌ನ ಕಿಟಕಿ ಆದರೆ ಬಿಳಿ ಬಣ್ಣವೇ ಇರಲಿ, ಒಳಗೆ ಉಕ್ಕಿನ ಊರೆ ಇದೆಯೇ ಎಂದು ಕೊಯ್ದ ತುಂಡಿನಲ್ಲಿ ನೋಡಿಯೇ ಒಪ್ಪಬೇಕು. ಒಂದೂವರೆ ಮೀಟರ್ ಯುಪಿವಿಸಿ 40 ಡಿಗ್ರಿ ಏರಿಳಿತಕ್ಕೆ ಸುಮಾರು 4 ಮಿ.ಮೀ. ಹಿಗ್ಗುತ್ತದೆ, ಅಲ್ಯುಮಿನಿಯಂ ಒಂದೂವರೆ ಮಿ.ಮೀ. ಗೋಡೆಗೆ ಒತ್ತಿ ಕೂರಿಸಿದರೆ ಬಾಗುತ್ತದೆ.

ಎ.ಸಿ. ಕೋಣೆಗೆ, ಹೆದ್ದಾರಿಯ ಸದ್ದಿಗೆ ಜೋಡಿ ಗಾಜು ಹಾಕಿಸುವವರು ಬಿಸಿಯನ್ನು ಹಿಮ್ಮೆಟ್ಟಿಸುವ ತೆಳು ಲೇಪದ (ಲೋ-ಇ) ಗಾಜನ್ನೇ ಕೇಳಲಿ. ಬಿಸಿಲು ಒಳಬಿಡುವ ಪಾಲು 0.3ರ ಆಸುಪಾಸು ಇರಲಿ, ಅದನ್ನು ಬರಹದಲ್ಲಿ ಕೇಳಿ. ಬಂದ ಗಾಜನ್ನು ಮಬ್ಬಿನಲ್ಲಿ ಹಿಡಿದು ಎದುರಿಗೆ ಲೈಟರ್ ಹಚ್ಚಿ ನೋಡಿ. ಎರಡು ಗಾಜಿನ ನಾಲ್ಕು ಮುಖಗಳಲ್ಲಿ ನಾಲ್ಕು ಜ್ವಾಲೆ ಕಾಣುತ್ತವೆ. ಲೇಪ ಇದ್ದರೆ ಅವುಗಳಲ್ಲಿ ಒಂದರ ಬಣ್ಣ ಬೇರೆ. ಹೊರಗಿನಿಂದ ಎಣಿಸಿದಾಗ ಎರಡನೆಯದರ ಬಣ್ಣ ಬೇರೆಯಿದ್ದರೆ ನಮ್ಮ ಬಿಸಿಲಿಗೆ ಸರಿಯಾಗಿ ಕೂತಿದೆ. ನಾಲ್ಕೂ ಒಂದೇ ಬಣ್ಣವಾದರೆ ಕೊಟ್ಟಿರುವುದು ಸಾದಾ ಗಾಜು. ಕಪ್ಪು ಫಿಲ್ಮ್ ಅಂಟಿಸಿದ ಗಾಜು ಕತ್ತಲೆ ಕೊಡುತ್ತದೆ, ಹೀರಿಕೊಂಡ ಬಿಸಿಯಲ್ಲಿ ಒಂದು ಭಾಗವನ್ನು ಮತ್ತೆ ಒಳಗೇ ಸೂಸುತ್ತದೆ.

ನಿಗಾ

ವರ್ಷಕ್ಕೆ ಮೂರು ಸಲ ಸಾಕು. ಯುಗಾದಿಗೆ ಮನೆ ತೊಳೆಯುವಾಗ ರಬ್ಬರ್, ಬ್ರಷ್, ಚಿಲಕ. ಮೇ ಕೊನೆಗೆ ನೀರಿಳಿಯುವ ಕಂಡಿ ಮತ್ತು ಪಟ್ಟಿಚೌಕಟ್ಟಿನ ಕೊಕ್ಕೆ. ದಸರೆಯ ಹೊತ್ತಿಗೆ ಮರದ ತುದಿಗಳು, ಹೊಸಿಲಿನ ಮೂಲೆ, ಗೋಡೆಯ ಬಿರುಕು. ಶಕ್ತಿನಗರ, ಕುಡತಿನಿ ಕಡೆಯ ಬೂದಿ, ಸಂಡೂರು–ತೋರಣಗಲ್ಲು ಸೀಮೆಯ ಕೆಂಪು ಅದಿರಿನ ಧೂಳು ಗಾಜಿನ ಮೇಲಿದ್ದರೆ ಒಣಬಟ್ಟೆಯಿಂದ ಉಜ್ಜಲೇಬಾರದು, ಗೀರು ಬೀಳುತ್ತದೆ. ಮೊದಲು ನೀರು, ಆಮೇಲೆ ಬಟ್ಟೆ. ಬೋರ್‌ವೆಲ್ ನೀರಾದರೆ ತಕ್ಷಣ ಒರೆಸಬೇಕು, ಇಲ್ಲದಿದ್ದರೆ ಬಿಳಿ ಕಲೆ ಕೂರುತ್ತದೆ, ಅದಕ್ಕೆ ನಿಂಬೆರಸ.

ಮುಂಬಾಗಿಲಿನ ಎರಡೂ ಕರ್ಣಗಳ ಅಳತೆಯನ್ನು ಚೌಕಟ್ಟಿನ ತಲೆಪಟ್ಟಿಯ ಮೇಲ್ಬದಿಯಲ್ಲಿ, ತೋರಣದ ಮೊಳೆಯ ಪಕ್ಕ, ತಿಂಗಳು ಸಮೇತ ಪೆನ್ಸಿಲಿನಲ್ಲಿ ಬರೆದಿದೆ. ಮುಂದಿನ ಮಳೆಗಾಲದಲ್ಲಿ ಕದ ಮತ್ತೆ ತಾಗಿದರೆ ಉಜ್ಜುಗೊರಡು ತೆಗೆಯುವ ಮೊದಲು ಟೇಪು ಹಿಡಿದು ಆ ಅಂಕಿಗಳಿಗೆ ಹೋಲಿಸಬೇಕು. 9ರ ವ್ಯತ್ಯಾಸ 12 ಆಗಿದ್ದರೆ ಪ್ಯಾಕಿಂಗ್ ಇನ್ನೊಂದು ಮಿ.ಮೀ. ಹೆಚ್ಚಿಸುವುದು, 9 ಹಾಗೇ ಇದ್ದರೆ ತಿರುಗಣಿಯ ತಿರುಪು ನೋಡುವುದು.